ಸೋದರಮಾವನ ತಾಯಿಯ ಹೆಸರು

ಗಂಜಿ ಹಾಕಿ ಇಸ್ತ್ರಿ ಮಾಡಿದ ಖಾಕಿ ಬಟ್ಟೆಗೆ ಒಂದು ವಾಸನೆಯಿದೆ, ನೀವೂ ಗಮನಿಸಿರಬಹುದು. ಮೊನ್ನೆ ಬಂಗಾರಪೇಟೆಯಲ್ಲಿ ಹೋಂಗಾರ್ಡ್‌ಗಳ ತರಬೇತಿಗೆ ಹೋದಾಗ ಇಡೀ ಸಭಾಂಗಣದಲ್ಲಿ ಅದೇ ವಾಸನೆ. ತಕ್ಷಣ ನೆನಪಾದದ್ದು ರತ್ನಮ್ಮ, ಜೊತೆಗೆ ನನ್ನ ದಡ್ಡತನ. ಇವೆರಡೂ ನನಗೆ ಒಟ್ಟಿಗೇ ನೆನಪಾಗುತ್ತವೆ.

ಕೆಲವು ವರ್ಷಗಳ ಹಿಂದೆ ಅದೇ ಸಭಾಂಗಣದಲ್ಲಿ ಪಾಠ ಹೇಳಿದವನು ನಾನು. ನಿವೃತ್ತನಾದರೂ ಬೋಧಿಸುವ ಚಟ ಬಿಡದ ಮೇಷ್ಟ್ರಿಗೆ ಯಾರೋ ಮಾನವ ಕಳ್ಳಸಾಗಣೆಯ ವಿಷಯ ಒಪ್ಪಿಸಿದ್ದರು. ನಾಲ್ಕು ಪುಸ್ತಕ ಓದಿಕೊಂಡು, ಪರದೆಯ ಮೇಲೆ ಚಿತ್ರ ತೋರಿಸಿ, ಯಾರನ್ನು ಅನುಮಾನಿಸಬೇಕೆಂದು ಉದ್ದನೆಯ ಪಟ್ಟಿಯನ್ನೇ ಕೊಟ್ಟೆ. ಹುಡುಗಿಯನ್ನು ಬೇರೆಯಾಗಿ ಕರೆದು ಮಾತಾಡಿಸಬೇಕು ಎಂದೂ ಹೇಳಿದೆ. ಹೇಗೆ ಕರೆಯುವುದೆಂದು ನನಗೂ ಗೊತ್ತಿರಲಿಲ್ಲ.

ಹೋಂಗಾರ್ಡ್‌ಗಳಲ್ಲಿ ಒಬ್ಬಳಾಗಿ ಕೂತಿದ್ದ ರತ್ನಮ್ಮ ಕೈಯೆತ್ತಿದಳು. ಉರಿಗಾಂನ ಗಣಿ ಕಾರ್ಮಿಕನ ಮಗಳು, ಏಳನೇ ತರಗತಿಯಲ್ಲಿ ನನ್ನ ಶಿಷ್ಯೆ. ಕನ್ನಡ, ತೆಲುಗು, ತಮಿಳು ಮೂರನ್ನೂ ಒಂದೇ ಉಸಿರಿನಲ್ಲಿ ಆಡುವವಳು.

"ಮೇಷ್ಟ್ರೇ, ನಿಮ್ ಪಟ್ಟೀಲಿ ಸೋದರಮಾವ ಇಲ್ವಲ್ಲ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಸೋದರಮಾವನೇ ಮುಂದೆ ಗಂಡನೂ ಆಗುತ್ತಾನೆ. ಅವನ ಜೊತೆ ಹುಡುಗಿ ಎಲ್ಲಿಗೆ ಹೊರಟರೂ ಯಾರೂ ಕೇಳುವುದಿಲ್ಲ.

"ಯಾರೂ ಕೇಳಾಕಿಲ್ಲ, ಅದಕ್ಕೇ ಕೇಳಿದ್ದು," ಎಂದು ಅವಳು ಕೂತಳು. ನಾನು ಮುಂದಿನ ಚಿತ್ರಕ್ಕೆ ಹೋದೆ.

ಅದಾಗಿ ಕೆಲವೇ ತಿಂಗಳಿಗೆ ಒಂದು ಬೆಳಿಗ್ಗೆ ಮಾರಿಕುಪ್ಪಂನಿಂದ ಬೆಂಗಳೂರಿಗೆ ರೈಲು ಹತ್ತಿದ್ದೆ. ಎದುರಿಗೆ ಹದಿನಾಲ್ಕರ ಆಸುಪಾಸಿನ ಹುಡುಗಿ, ತೊಡೆಯ ಮೇಲೆ ಬಟ್ಟೆಯ ಚೀಲ. ಜೊತೆಗಿದ್ದವನು, "ಅಕ್ಕನ್ ಮಗಳು ಸಾರ್, ಬೆಂಗ್ಳೂರಲ್ಲಿ ಓದ್ಸಾಣ ಅಂತ ಕರ್ಕೊಂಡೋಗ್ತಾ ಇದೀನಿ," ಎಂದ. ಎಂಥ ಒಳ್ಳೆಯ ಮಾವ ಅನ್ನಿಸಿತು. ಅನ್ನಿಸಿದ್ದನ್ನು ಬಾಯಿಬಿಟ್ಟು ಹೇಳಿಯೂ ಬಿಟ್ಟೆ.

ಬಂಗಾರಪೇಟೆಯಲ್ಲಿ ಪ್ಲಾಟ್‌ಫಾರಂ ಡ್ಯೂಟಿಯಲ್ಲಿದ್ದ ರತ್ನಮ್ಮ ಕಿಟಕಿಯಲ್ಲಿ ನನ್ನನ್ನು ಕಂಡು ಮಾತಾಡಿಸಲು ಒಳಗೆ ಬಂದಳು. ಹುಡುಗಿಯನ್ನು ನೋಡಿದಳು. ಮೆಲ್ಲಗೆ ತನ್ನ ಖಾಲಿ ಬಾಟಲಿಯನ್ನು ಅವಳ ಕೈಗಿಟ್ಟಳು.

"ಬಾರಮ್ಮಿ, ಒಂಚೂರು ನೀರು ಇಡ್ಕೊಡು."

ಅವನು ಏಳುವಷ್ಟರಲ್ಲಿ ಇಬ್ಬರೂ ಇಳಿದು ನಲ್ಲಿಯ ಹತ್ತಿರವಿದ್ದರು. ತೆಲುಗಿನಲ್ಲಿ ಏನೋ ಮಾತು ನಡೆಯಿತು. ಹುಡುಗಿಯನ್ನು ಅಲ್ಲಿದ್ದ ರೈಲ್ವೆ ಪೊಲೀಸಿನವರ ಪಕ್ಕ ನಿಲ್ಲಿಸಿ ರತ್ನಮ್ಮ ವಾಪಸು ಬಂದಳು.

"ಅಣ್ಣಾ, ನಿಮ್ ತಾಯಿ ಎಸ್ರೇನು?"

"ಲಕ್ಷ್ಮಮ್ಮ."

"ಆ ಮಗು ತನ್ನಜ್ಜಿ, ಅವರಮ್ಮನ ತಾಯಿ, ಚೌಡಮ್ಮ ಅಂತೈತೆ. ಅವರಮ್ಮ ನಿಂಗೆ ಅಕ್ಕ ಆದ್ರೆ ಇಬ್ರಿಗೂ ಒಬ್ಳೇ ತಾಯಿ ಅಲ್ವೇನಣ್ಣಾ?"

ಅವನು ಆಚೆ ಬಾಗಿಲಿನತ್ತ ಓಡಿದ. ಪೊಲೀಸರು ಹಿಡಿದರು. ಹುಡುಗಿಗೆ ಅವನ ಪರಿಚಯವಾಗಿ ಬರೀ ಎಂಟು ದಿನವಂತೆ. ಯಾರಾದರೂ ಕೇಳಿದರೆ ಮಾವ ಅನ್ನು ಎಂದು ಕಲಿಸಿದ್ದ. ಅಜ್ಜಿಯ ಹೆಸರು ಕಲಿಸುವುದು ಅವನಿಗೆ ಹೊಳೆದಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವಳ ತಾಯಿ ಕೆಲಸ ಬಿಟ್ಟು ಓಡಿಬಂದಳು. ಜೀವಮಾನವಿಡೀ ಪ್ರಶ್ನೆಪತ್ರಿಕೆ ತಯಾರಿಸಿದವನು ನಾನು. ಅಂಥ ಒಂದು ಪ್ರಶ್ನೆ ನನ್ನಿಂದ ಹುಟ್ಟಿದ್ದಿಲ್ಲ. ಶಿಷ್ಯೆಯಾದರೂ ಅವಳಿಗೆ ಕೈಮುಗಿಯಬೇಕು ಅನ್ನಿಸಿತ್ತು.

ಮೊನ್ನೆ ಪಾಠ ಹೇಳಿದವಳು ರತ್ನಮ್ಮನೇ. ಹೊಸಬರ ನಡುವೆ ನಾನೂ ಕೂತು ಬರೆದುಕೊಳ್ಳುತ್ತಿದ್ದೆ. ರೈಲಿನ ಕಥೆ ಮುಗಿದಾಗ ಒಬ್ಬ ಹುಡುಗಿ ಎದ್ದು, "ಬೋಗಿ ತುಂಬಾ ಜನ ಇದ್ರಲ್ಲಕ್ಕಾ, ಯಾರ್ಗೂ ಅನುಮಾನ ಬರ್ಲಿಲ್ವಾ?" ಎಂದು ಕೇಳಿದಳು.

ರತ್ನಮ್ಮ ನನ್ನ ಕಡೆ ನೋಡಲಿಲ್ಲ. "ಎಲ್ರೂ ಅವರವರ ಪಾಡಿಗೆ ಇದ್ರು ಬಿಡಮ್ಮಿ," ಎಂದಳು.

ನನಗೆ ಕೂತಿರಲು ಆಗಲಿಲ್ಲ. ಎದ್ದು ನಿಂತೆ.

"ಅವರ ಎದುರಿಗೆ ನಾನಿದ್ದೆ," ಎಂದೆ. "ಮಾವ ಪಕ್ಕದಲ್ಲೇ ಕೂರಲಿ ಅಂತ, ಮೊದಲು ನಾನು ಕೂತಿದ್ದ, ಆ ಹುಡುಗಿಯ ಪಕ್ಕದ ಜಾಗವನ್ನು ಅವನಿಗೆ ಬಿಟ್ಟುಕೊಟ್ಟವನೂ ನಾನೇ."