ಟೀಚರ್ ಕಾರಿನ ಬಾನೆಟ್ಟಿಗೆ ಬಿದ್ದ ನಾಲ್ಕು ಕಲ್ಲು

ತಪ್ಪು ನನ್ನದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಮ್ಮ ಶೆಡ್ಡಿನಲ್ಲಿ ಈ ಕಥೆ ಹೇಳುವ ಉಳಿದ ಮೂವರೂ ಇಲ್ಲಿಂದಲೇ ಶುರು ಮಾಡುತ್ತಾರೆ. ಮಡಿಕೇರಿಯ ಒಂದು ಡೆಂಟಿಂಗ್-ಪೇಂಟಿಂಗ್ ಶೆಡ್ಡಿನಲ್ಲಿ ನಾನು ಪೇಂಟರ್. ಹೆಸರು ಲೋಕೇಶ, ವಯಸ್ಸು ಇಪ್ಪತ್ತಾರು, ಊರು ಶನಿವಾರಸಂತೆ. ಯಾರ ದನಿಯನ್ನಾದರೂ ಎರಡು ಸಲ ಕೇಳಿದರೆ ಸಾಕು, ಮೂರನೇ ಸಲಕ್ಕೆ ಅವರಂತೆಯೇ ಮಾತಾಡುತ್ತೇನೆ. ಬಸ್ ಕಂಡಕ್ಟರ್, ಆರ್‌ಟಿಒ ಏಜೆಂಟ್, ಮದುವೆ ಬ್ರೋಕರ್, ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆಗಿದ್ದಾರೆ. ನನ್ನದೇ ದನಿ ಯಾವುದೆಂದು ಅಮ್ಮನಿಗೆ ಆಗಾಗ ಸಂಶಯ ಬರುತ್ತದೆ. ಎಲ್ಲಕ್ಕಿಂತ ಚೆನ್ನಾಗಿ ಬರುವುದು ನಮ್ಮ ಧಣಿ ವಾಸುವೇಟ್ಟನ ದನಿ. ಮೂವತ್ತು ವರ್ಷದ ಹಿಂದೆ ಕಣ್ಣೂರಿನಿಂದ ಬಂದ ಮಲಯಾಳಿ, ನಮಗೆಲ್ಲ ಏಟ್ಟ, ಅಂದರೆ ಅಣ್ಣ. ಅವರ ಕನ್ನಡ ಘಾಟಿ ಇಳಿಯುವ ಲಾರಿಯಂತೆ, ಪ್ರತಿ ತಿರುವಿನಲ್ಲೂ ಒಮ್ಮೆ ನಿಂತು ಮುಂದೆ ಹೋಗುತ್ತದೆ.

ಎರಡು ವರ್ಷದ ಹಿಂದಿನ ನವೆಂಬರ್. ಮಳೆ ಬಿಟ್ಟಿತ್ತು, ಎಲ್ಲ ಕಡೆ ರಸ್ತೆ ಕೆಲಸ ಶುರುವಾಗಿತ್ತು. ಜಲ್ಲಿ ಲಾರಿಗಳು ಓಡಾಡುವ ಈ ತಿಂಗಳು ನಮಗೆ ಸ್ಟೋನ್ ಚಿಪ್ ಸೀಸನ್. ಲಾರಿಯಿಂದ ಹಾರಿದ ಕಲ್ಲು ಹಿಂದಿನ ಕಾರಿನ ಬಾನೆಟ್ಟಿಗೆ ಬಡಿದು, ಉದ್ದಿನಕಾಳಿನಷ್ಟು ಪೇಂಟ್ ಎಬ್ಬಿಸಿಕೊಂಡು ಹೋಗುತ್ತದೆ. ಕಾರಿನ ಪೇಂಟ್ ಅಂದರೆ ಮೂರು ಪದರ. ತಗಡಿಗೆ ಅಂಟಿಕೊಂಡ ಬೂದು ಪ್ರೈಮರ್, ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಹೊಳೆಯುವ ಕ್ಲಿಯರ್ ಕೋಟ್. ಮೂರೂ ಹೋದ ಜಾಗದಲ್ಲಿ ನಮ್ಮ ಕೊಡಗಿನ ಇಬ್ಬನಿ ಕೂತರೆ ತುಕ್ಕು ಹಿಡಿಯಲು ಬಹಳ ದಿನ ಬೇಡ.

ಅವತ್ತು ಶುಕ್ರವಾರ. ವಾಸುವೇಟ್ಟ ಚಹಾಕ್ಕೆ ಹೋಗಿದ್ದರು, ಅವರ ಫೋನ್ ಬೆಂಚಿನ ಮೇಲೆ ರಿಂಗಾಯಿತು. ಶೆಡ್ಡಿನಲ್ಲಿ ಮೂವರು ಪ್ರೇಕ್ಷಕರಿದ್ದರು. ನಾನು ಗಂಟಲು ಸರಿಮಾಡಿಕೊಂಡು ಫೋನೆತ್ತಿದೆ.

"ಹಾ, ವಾಸು. ಹೇಳಿ, ಹೇಳಿ."

"ವಾಸು ಅವರೇ, ನಾನು ಬಿಟ್ಟಂಗಾಲದ ಮುತ್ತಮ್ಮ ಟೀಚರ್. ಚಿಣ್ಣಪ್ಪ ರೈಟರ್ ಮನೆಯಿಂದ. ಇವರಿಗೆ ಮಾತ್ರ ಹೇಳಬಾರದು."

ರೈಟರ್ ಎಂದರೆ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವವರು. ಟೀಚರ ಗಂಡ ಚಿಣ್ಣಪ್ಪ ರೈಟರ್ ತಮ್ಮ ಕೆಂಪು ಕಾರಿಗೂ ದಿನಾ ಹಾಜರಿ ಹಾಕುತ್ತಿದ್ದರು, ಸುತ್ತ ಒಂದು ಪ್ರದಕ್ಷಿಣೆ ಬಂದು. ಟೀಚರ್ ಐವತ್ತೆರಡನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು ಲೈಸೆನ್ಸ್ ತೆಗೆದು ನಾಲ್ಕು ತಿಂಗಳಾಗಿತ್ತು. ರೈಟರ್ ಕೀ ಕೊಟ್ಟಿದ್ದರು, ಜೊತೆಗೆ ಒಂದು ಷರತ್ತನ್ನೂ: ಕಾರಿಗೆ ಏನಾದರೂ ಆದ ದಿನ ಕೀ ವಾಪಸ್. ಈಗ ಹಿಂದಿನ ದಿನ, ಗುರುವಾರ, ಜಲ್ಲಿ ಲಾರಿಯ ಹಿಂದೆ ಹೋಗಿ ಬಾನೆಟ್ಟಿನ ಮೇಲೆ ನಾಲ್ಕು ಕಲ್ಲೇಟು. ರೈಟರ್ ಕಾಫಿ ಹಣ್ಣಿನ ಪಿಕಿಂಗ್ ಶುರು ಮಾಡಿಸಲು ತಮ್ಮ ಎಸ್ಟೇಟ್ ಧಣಿಯ ಇನ್ನೊಂದು ತೋಟಕ್ಕೆ ಹೋಗಿದ್ದರು, ಸೋಮವಾರ ಬರುವವರಿದ್ದರು.

"ಇಪ್ಪತ್ತಾರು ವರ್ಷ ಸ್ಕೂಲಿಗೆ ಬಸ್ಸಲ್ಲೇ ಹೋಗಿದ್ದೇನೆ" ಎಂದರು ಟೀಚರ್. "ಮೊನ್ನೆ ನಾನೇ ಕಾರಲ್ಲಿ ವಿರಾಜಪೇಟೆಗೆ ಹೋಗಿ ಕನ್ನಡಕ ರಿಪೇರಿ ಮಾಡಿಸಿಕೊಂಡು ಬಂದೆ. ಯಾರನ್ನೂ ಕೇಳಬೇಕಾಗಲಿಲ್ಲ. ಮನೆಯಲ್ಲೇ ಸರಿಮಾಡುವ ದಾರಿ ಇದ್ದರೆ ಹೇಳಿ."

ಆ ಮಾತು ಕೇಳಿದಾಗಲೇ ನಾನು ಲೋಕೇಶನಾಗಿ ಕ್ಷಮೆ ಕೇಳಬೇಕಿತ್ತು. ಆದರೆ ಆ ಮೂವರು ಬಾಯಿಗೆ ಬಟ್ಟೆ ಒತ್ತಿಕೊಂಡು ನಗುತ್ತಿದ್ದರು. ಪ್ರೇಕ್ಷಕರನ್ನು ಬಿಟ್ಟು ಹೋಗುವ ಅಭ್ಯಾಸ ನನಗಿಲ್ಲ. "ಸಿಂಪಲ್ ಟೀಚರೇ. ಸೋಪು ನೀರಲ್ಲಿ ತೊಳೀರಿ. ಫೋರ್ ಹಂಡ್ರೆಡ್ ಪೇಪರ್ ತಗೊಂಡು, ನೀರು ಹಾಕಿ ಒಳ್ಳೆ ತಿಕ್ಕಿ. ಮತ್ತೆ ಟಚ್-ಅಪ್ ಪೇಂಟ್" ಎಂದೆ.

ಸ್ಯಾಂಡ್‌ಪೇಪರಿನ ನಂಬರ್ ಹೆಚ್ಚಿದಷ್ಟೂ ಅದು ನಯ. ಕಲ್ಲೇಟಿನ ಕೆಲಸಕ್ಕೆ ಎರಡು ಸಾವಿರದ ಪೇಪರ್, ಅದೂ ಬಣ್ಣ ತುಂಬಿ ಒಣಗಿದ ಮೇಲೆ. ನಾನೂರು ಎಂದರೆ ತಗ್ಗು ತುಂಬಲು ಮೆತ್ತಿದ ಪುಟ್ಟಿಯನ್ನು ಉಜ್ಜುವ ಒರಟು ಪೇಪರ್. ನನಗೆ ಇದು ಗೊತ್ತಿರಲಿಲ್ಲವೆಂದಲ್ಲ. ವಾಸುವೇಟ್ಟ ದಿನಕ್ಕೆ ಹತ್ತು ಸಲ ಪುಟ್ಟಿ ಹುಡುಗರಿಗೆ "ಫೋರ್ ಹಂಡ್ರೆಡ್, ಒಳ್ಳೆ ತಿಕ್ಕಿ" ಎಂದು ಕೂಗುತ್ತಾರೆ. ಅವರ ದನಿ ಎರವಲು ತಂದಾಗ ಆ ಮಾತೂ ಅದರ ಜೊತೆಗೇ ಬಂದುಬಿಟ್ಟಿತ್ತು. ಬಾಯಿ ಅವರದಾದಾಗ ನನ್ನ ತಲೆ ರಜೆಯಲ್ಲಿತ್ತು.

ಶನಿವಾರ ಮಧ್ಯಾಹ್ನ ಮತ್ತೆ ಫೋನ್ ಬಂತು. ಈ ಸಲ ಎತ್ತಿದ್ದು ಅಸಲಿ ವಾಸುವೇಟ್ಟ, ಸ್ಪೀಕರ್ ಹಾಕಿ.

"ವಾಸು ಅವರೇ, ನೀವು ಹೇಳಿದ ಹಾಗೇ ಒಳ್ಳೆ ತಿಕ್ಕಿದೆ. ಈಗ ಬಾನೆಟ್ಟು ಮಕ್ಕಳು ಉಜ್ಜಿದ ಸ್ಲೇಟಿನ ಹಾಗಿದೆ."

ವಾಸುವೇಟ್ಟ ನನ್ನ ಕಡೆ ನೋಡಿದರು. ಉಳಿದ ಮೂವರೂ ನನ್ನ ಕಡೆ ನೋಡಿದರು. ಅವತ್ತು ನಾನು ಯಾರ ದನಿಯನ್ನೂ ಮಾಡಲಿಲ್ಲ. ಫೋನಿಟ್ಟ ಮೇಲೆ ಅವರು ಬೈಯಲಿಲ್ಲ. "ನನ್ನ ಬಾಯಲ್ಲಿ ಹೇಳಿದ್ದು ನೀನು. ನಾಳೆ ನಿನ್ನ ಕೈಯಲ್ಲಿ ಸರಿಮಾಡಿ ಬಾ, ಮೋನೇ" ಎಂದರು. ಬೈದಿದ್ದರೆ ಆ ಬೈಗುಳವನ್ನಾದರೂ ಆಮೇಲೆ ಮಿಮಿಕ್ರಿಗೆ ಬಳಸಿಕೊಳ್ಳಬಹುದಿತ್ತು.

ಭಾನುವಾರ ಬೆಳಿಗ್ಗೆ ಪ್ರೈಮರ್, ಆ ಕಾರಿನ ಕೆಂಪು ಬಣ್ಣ, ಥಿನ್ನರ್, ಎಂಟು ನೂರರಿಂದ ಎರಡು ಸಾವಿರದವರೆಗಿನ ಪೇಪರ್ ಚೀಲಕ್ಕೆ ಹಾಕಿಕೊಂಡು ಬೈಕಿನಲ್ಲಿ ಬಿಟ್ಟಂಗಾಲಕ್ಕೆ ಹೋದೆ. ಟೀಚರ್ ಅಂಗಳದಲ್ಲೇ ಕಾಯುತ್ತಿದ್ದರು. ಮೊದಲು ತಪ್ಪೊಪ್ಪಿಕೊಂಡೆ.

"ಹಾಗಾದರೆ ಅವತ್ತು ಮಾತಾಡಿದ್ದು ನೀನಾ?"

"ಹೌದು ಟೀಚರ್."

"ನಾಲ್ಕನೇ ಕ್ಲಾಸಲ್ಲಿ ನನಗೂ ಇಂಥವನೊಬ್ಬ ಇದ್ದಾನೆ, ಹೆಡ್‌ಮಾಸ್ಟರ್ ದನಿಯಲ್ಲಿ ರಜೆ ಕೊಡ್ತಾನೆ" ಎಂದು ಕಾಫಿ ತಂದುಕೊಟ್ಟರು. "ಕುಡಿ. ಆಮೇಲೆ ಕೆಲಸ ನೋಡು. ಅವರು ನಾಳೆ ಬರ್ತಾರೆ."

ಮೂರು ಕಡೆ ಟೀಚರ ಕೈ ಹಗುರವಾಗಿತ್ತು. ನೀರು ಹಾಕಿ ಉಜ್ಜಿದಾಗ ಬಿಳಿ ನೊರೆ ಬಂತು, ಅಂದರೆ ಕ್ಲಿಯರ್ ಕೋಟ್ ಉಳಿದಿದೆ. ನಾಲ್ಕನೆಯ ಕಡೆ ನೊರೆ ಕೆಂಪಾಯಿತು. ಅಲ್ಲಿ ಬಣ್ಣದವರೆಗೂ ಹೋಗಿತ್ತು. ಎಂಟು ನೂರು, ಸಾವಿರದ ಐನೂರು, ಎರಡು ಸಾವಿರ ಎಂದು ಹಂತ ಹಂತವಾಗಿ ಒರಟು ಗೀರು ಇಳಿಸುತ್ತಿದ್ದೆ. ಹನ್ನೊಂದು ಗಂಟೆಯ ಹೊತ್ತಿಗೆ ಗೇಟಿನ ಬಳಿ ಒಂದು ಜೀಪ್ ನಿಂತಿತು.

ರೈಟರ್ ಒಂದು ದಿನ ಮೊದಲೇ ಬಂದಿದ್ದರು. ಬ್ಯಾಗು ಕೆಳಗಿಡದೆ ಪ್ರದಕ್ಷಿಣೆ ಶುರು ಮಾಡಿದರು. ಬಾನೆಟ್ಟಿನ ಮುಂದೆ ನಿಂತರು.

"ಎಂತದಿದು ಮುತ್ತ?"

"ಕಲ್ಲು ಬಿತ್ತು. ಲಾರಿಯದ್ದು."

"ಲಾರಿಯ ಬೆನ್ನಿಗೆ ಅಂಟಿಕೊಂಡು ಹೋದರೆ ಹೂ ಬೀಳ್ತದಾ? ಹನ್ನೊಂದು ವರ್ಷ ಓಡಿಸಿದ್ದೇನೆ ನಾನು. ಒಂದು ಕಲ್ಲು ಬಿದ್ದಿಲ್ಲ." ಕೈ ಚಾಚಿದರು. "ಕೀ ಕೊಡು."

ಟೀಚರ್ ಸೆರಗಿನ ತುದಿಯಲ್ಲಿದ್ದ ಕೀಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಆ ಮುಷ್ಟಿ ನೋಡಲಾಗದೆ ನಾನು ಕೆಲಸಕ್ಕೆ ತಲೆ ತಗ್ಗಿಸಿದೆ. ಬಣ್ಣ ತುಂಬುವ ಮೊದಲು ಇಡೀ ಬಾನೆಟ್ಟನ್ನು ಥಿನ್ನರ್ ಬಟ್ಟೆಯಲ್ಲಿ ಒರೆಸಬೇಕು, ಎಣ್ಣೆ ಜಿಡ್ಡು ಇರಬಾರದು. ಒರೆಸುತ್ತ ಎಡಗಡೆಯ ಹೆಡ್‌ಲೈಟ್ ಮೂಲೆಗೆ ಬಂದೆ.

"ಆ ಕಡೆ ಬಿಡು ಮಾರಾಯ" ಎಂದರು ರೈಟರ್. "ಆ ಕಡೆ ಸರಿಯಾಗೇ ಉಂಟು."

ಅಷ್ಟರಲ್ಲಿ ಕೈ ಓಡಿಯಾಗಿತ್ತು. ಬಿಳಿ ಬಟ್ಟೆಯ ಮೇಲೆ ಕೆಂಪು ಬಂತು, ಕೆಂಪಿನಲ್ಲಿ ಸಣ್ಣ ಮಿನುಗು. ಒಣಗಿ ವರ್ಷವಾದ ಕಾರಿನ ಪೇಂಟ್ ಹಾಗೆ ಥಿನ್ನರಿಗೆ ಕರಗಿ ಬರುವುದಿಲ್ಲ, ಈ ಕಾರಿನ ಬಣ್ಣದಲ್ಲಿ ಮಿನುಗೂ ಇಲ್ಲ. ಬಟ್ಟೆ ತೆಗೆದಾಗ ಹೆಡ್‌ಲೈಟಿನ ಮೇಲಿನ ಬಾನೆಟ್ ಅಂಚಿನಲ್ಲಿ ಐದು ಹಳೆಯ ಕಲ್ಲೇಟು ಕಂಡವು, ಒಳಗೆ ತುಕ್ಕು ತುಂಬಿಕೊಂಡು.

ಕೆಲಸದ ವಿಷಯ ಇಲ್ಲೇ ಮುಗಿಸಿಬಿಡುತ್ತೇನೆ. ಅವತ್ತು ಮಧ್ಯಾಹ್ನ ಒಂಬತ್ತನ್ನೂ ತುಂಬಿದೆ. ತುಕ್ಕು ಕೆರೆದು, ಟೂತ್‌ಪಿಕ್ ತುದಿಯಲ್ಲಿ ಪ್ರೈಮರ್ ಇಟ್ಟು, ಅದು ಒಣಗಿದ ಮೇಲೆ ಬಣ್ಣವನ್ನು ತೆಳುವಾಗಿ ಮೂರು ಸಲ ಕೊಟ್ಟೆ. ಕ್ಲಿಯರ್ ಕೋಟ್, ಪಾಲಿಶ್ ಮುಂದಿನ ಭಾನುವಾರ. ಟೀಚರ ನಾಲ್ಕು ಬೇಗ ಆದವು, ಅವರು ಮರುದಿನವೇ ಫೋನ್ ಮಾಡಿದ್ದರಿಂದ ತಗಡು ಇನ್ನೂ ಹೊಳೆಯುತ್ತಿತ್ತು. ಹಳೆಯ ಐದಕ್ಕೆ ಎರಡು ಗಂಟೆ ಹಿಡಿಯಿತು. ಬಾನೆಟ್ಟನ್ನು ಬೆಳಕಿಗೆ ಓರೆಯಾಗಿ ನೋಡಿದರೆ ಒಂದು ಕಡೆ ಈಗಲೂ ಮಸುಕು ಉಂಗುರ ಕಾಣುತ್ತದೆ, ಅದು ನನ್ನ ಫೋರ್ ಹಂಡ್ರೆಡ್‌ನ ಗುರುತು. ಕಲ್ಲೇಟಿಗೆ ಮನೆಯಲ್ಲಿ ಬಣ್ಣ ಹಚ್ಚುವುದು ತುಕ್ಕು ನಿಲ್ಲಿಸಲಿಕ್ಕೆ. ಬರೀ ಕಣ್ಣಿಗೆ ಕಾಣದಂತೆ ಮುಚ್ಚಿದರೆ ಅದು ಒಳಗೇ ಬೆಳೆಯುತ್ತದೆ. ಇದನ್ನು ಈಗ ಎಲ್ಲ ಗಿರಾಕಿಗಳಿಗೂ ಹೇಳುತ್ತೇನೆ, ನನ್ನ ಸ್ವಂತ ದನಿಯಲ್ಲಿ.

ಇದೆಲ್ಲ ಊಟದ ಮೇಲಿನ ಮಾತು. ಅದಕ್ಕೂ ಮೊದಲು, ಬಟ್ಟೆ ಇನ್ನೂ ನನ್ನ ಕೈಯಲ್ಲೇ ಇದ್ದಾಗ, ಟೀಚರ್ ಹತ್ತಿರ ಬಂದು, ಬಟ್ಟೆ ಇಸಿದುಕೊಂಡು, ಕನ್ನಡಕ ಏರಿಸಿ ಆ ಮಿನುಗು ನೋಡಿದರು. ರೈಟರ್ ಚಾಚಿದ ಕೈ ಹಾಗೇ ಇತ್ತು. ಟೀಚರ್ ಆ ಕೈ ಮೇಲೆ ಬಟ್ಟೆಯನ್ನಿಟ್ಟರು.

"ಆ ಐದು ಕಲ್ಲು ನಿಮ್ಮದು, ನೇಲ್ ಪಾಲಿಶ್ ನನ್ನದು. ಕೀ ನನ್ನ ಹತ್ರಾನೇ ಇರ್ಲಿ."