ಕೂಸಿನ ಫೋಟೋಕ್ಕೆ ಏಳು ಹಾಳೆ ಬೈಗುಳ

ನಾನು ಅಜ್ಜಿಯಾಗಿದ್ದೇನೆ. ಹೆಣ್ಣು ಕೂಸು. ತಲೆತುಂಬ ಕೂದಲು. ಅಳಲು ಶುರು ಮಾಡಿದರೆ ನಮ್ಮ ಓಣಿಯಿಂದ ಇಂಡಿ ಬಸ್ ಸ್ಟ್ಯಾಂಡಿನವರೆಗೆ ಕೇಳಿಸಬೇಕು, ಅಂಥ ಗಂಟಲು. ಮೂಗು ನನ್ನದೇ. (ಬೀಗರು ತಮ್ಮ ಮನೆತನದ್ದು ಎನ್ನುತ್ತಾರೆ. ಅನ್ನಲಿ. ಕಣ್ಣಿದ್ದವರು ನೋಡಿ ಹೇಳುತ್ತಾರೆ.)

ಮೂರು ವಾರ ಈ ಅಂಕಣ ಬರಲಿಲ್ಲವೆಂದು ಸಿಂದಗಿಯಿಂದ ಒಬ್ಬರು, ಬಾಗೇವಾಡಿಯಿಂದ ಇಬ್ಬರು ಸಂಪಾದಕರಿಗೆ ಫೋನು ಮಾಡಿದರಂತೆ. ಬಾಣಂತನ ಮಾಡುವವಳ ಎಣ್ಣೆಗೈಯಲ್ಲಿ ಪೆನ್ನು ಹೇಗೆ ನಿಲ್ಲಬೇಕು? ಕೂಸನ್ನು ಎರೆಯುವುದು, ಬಾಣಂತಿಗೆ ಕಾವು ಕೊಡುವುದು, ಅಂಟಿನುಂಡಿ ಕಟ್ಟುವುದು. ಇದರ ನಡುವೆ ದೇಶದ ಚಿಂತೆ ಮಾಡಲು ಪುರಸೊತ್ತು ಇರಲಿಲ್ಲ.

ಆದರೆ ದೇಶದ ಚಿಂತೆ ತಾನಾಗಿಯೇ ಮನೆಗೆ ಬಂತು. ಏಳು ಹಾಳೆಯಲ್ಲಿ, ಪ್ರಿಂಟಾಗಿ.

ನನ್ನ ಮಗಳು ಸುನಂದಾಳನ್ನು ಗೋವಾಕ್ಕೆ ಕೊಟ್ಟಿದ್ದೇವೆ. (ಊರಿನ ಹೆಸರು ಬೇಡ. ನಾಳೆ ನಾನೂ ಆ ಊರಿಗೆ ಹೋಗಿ ಬರಬೇಕಾದವಳು.) ಅಳಿಯಂದಿರ ಹೆಸರು ಮಲ್ಲಿಕಾರ್ಜುನ. ಮನೆಗಳಿಗೆ ಫರ್ಸಿ, ಟೈಲ್ಸ್ ಕೂಡಿಸುವ ಕೆಲಸ. ಅವರ ತಂದೆ ಮುದ್ದೇಬಿಹಾಳ ಕಡೆಯಿಂದ ಗೋವಾಕ್ಕೆ ಹೋಗಿ ಮೂವತ್ತು ವರ್ಷದ ಮೇಲಾಯಿತು. ಅಳಿಯಂದಿರು ಬೆಳೆದದ್ದು, ಸಾಲಿ ಕಲಿತದ್ದು, ಕ್ರಿಕೆಟ್ಟಿನಲ್ಲಿ ಹಲ್ಲು ಮುರಿಸಿಕೊಂಡದ್ದು, ಎಲ್ಲ ಅಲ್ಲಿಯೇ. ಗೆಳೆಯರ ಜೊತೆ ಕೊಂಕಣಿ ಮಾತಾಡುತ್ತಾರೆ. ನಮ್ಮ ಜೊತೆ ಮಾತಾಡುವ ಕನ್ನಡ ಮಾತ್ರ ಥೇಟ್ ಮುದ್ದೇಬಿಹಾಳದ್ದು.

ನನ್ನ ಮಗ ಬಸು ಇಲ್ಲೇ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಾನೆ. ಸೋದರಮಾವನಾದ ಖುಷಿ ಅವನಿಗೆ ಮೈಮೇಲೆ ಬಂದಿತ್ತು. ಕೂಸಿನ ಫೋಟೋ ತೆಗೆಸಿ, ಮೆಹಬೂಬನ ಅಂಗಡಿಗೆ ಹೋಗಿ ನೆಟ್ಟಿಗೆ ಹಾಕಿದ. ಮೆಹಬೂಬನನ್ನು ಇಂಡಿಯಲ್ಲಿ ಎಲ್ಲರೂ ಬಲ್ಲರು. ಮೊದಲು ಎಸ್‌ಟಿಡಿ ಬೂತ್ ಇಟ್ಟಿದ್ದ, ಈಗ ಅದರಲ್ಲೇ ಮೂರು ಕಂಪ್ಯೂಟರ್ ಕೂಡಿಸಿದ್ದಾನೆ. ನೆಟ್ಟಿನಲ್ಲಿ ಊರೂರಿನ ಹೆಸರಿನಲ್ಲಿ ಗುಂಪುಗಳಿರುತ್ತವಂತೆ. ಬಸು ಅಕ್ಕನ ಗಂಡನ ಊರಿನ ಗುಂಪು ಹುಡುಕಿ ಅಲ್ಲಿ ಬರೆದ: ನಿಮ್ಮ ಊರಿಗೆ ಹೊಸ ಮೆಂಬರ್ ಬಂದಾಳ, ಸ್ವಾಗತ ಮಾಡ್ರಿ.

ವಾರ ಬಿಟ್ಟು, ಅಕ್ಕನಿಗೆ ತೋರಿಸೋಣವೆಂದು ಆ ಪೇಜನ್ನು ಪ್ರಿಂಟ್ ಮಾಡಿಸಿದ. ಫೋಟೋ ಇದ್ದ ಒಂದು ಹಾಳೆ ಮಾತ್ರ ಬರುತ್ತದೆ ಎಂದುಕೊಂಡಿದ್ದ. ಕೆಳಗಿನ ಬರಹವೆಲ್ಲ ಸೇರಿ ಏಳು ಬಂದವು. ಮೇಲಿನ ಹಾಳೆಯನ್ನಷ್ಟೇ ನೋಡಿ ಸುರುಳಿ ಸುತ್ತಿ ತಂದು, ಫೋಟೋ ನೋಡಕ್ಕ ಎಂದು ಬಾಣಂತಿಯ ಕೈಗೆ ಕೊಟ್ಟು ಕ್ರಿಕೆಟ್ಟಿಗೆ ಹೋದ.

ಸಂಜೆ ನಾನು ಕಾವು ಕೊಡಲು ಕೋಣೆಗೆ ಹೋದರೆ ಸುನಂದಾ ಕೂಸನ್ನು ಎದೆಗವಚಿಕೊಂಡು ಕುಂತಿದ್ದಾಳೆ. ಹಾಳೆಗಳು ಹೊರಸಿನ ಕೆಳಗೆ.

"ಯವ್ವಾ, ನಾ ಗೋವಾಕ್ಕ ಹೋಗೂದಿಲ್ಲ."

"ಮೂರ ತಿಂಗಳ ತಡಿ. ಈಗ ಯಾರ ಕಳಸ್ತಾರ ನಿನ್ನ?"

"ಮೂರ ತಿಂಗಳಿಗೂ ಹೋಗೂದಿಲ್ಲ. ಇವ್ರ ಬೇಕಾದ್ರ ಇಲ್ಲೇ ಬರ್ಲಿ."

ನಾನು ಓದಿದ್ದು ನಾಲ್ಕನೆಯ ಇಯತ್ತೆ. ಕನ್ನಡವನ್ನು ಹೇಗೋ ಓದುತ್ತೇನೆ, ಬರೆಯುತ್ತೇನೆ. ಆ ಹಾಳೆಗಳಲ್ಲಿ ಇದ್ದದ್ದೆಲ್ಲ ಇಂಗ್ಲಿಷ್ ಅಕ್ಷರ. ಮಗಳಿಗೆ ಓದು ಎನ್ನಲು ಮನಸ್ಸಾಗಲಿಲ್ಲ. ಮರುದಿನ ಮಧ್ಯಾಹ್ನ ಸೆರಗಿನಲ್ಲಿ ಹಾಳೆ ಸುತ್ತಿಕೊಂಡು, ಬಸುನನ್ನೂ ಕರೆದುಕೊಂಡು ಮೆಹಬೂಬನ ಅಂಗಡಿಗೆ ಹೋದೆ.

"ಇದರಾಗ ಏನ ಬರದಾರ, ಒಂದೂ ಬಿಡದಂಗ ಓದಿ ಹೇಳು."

ಮೆಹಬೂಬನಿಗೆ ಹಿಂದಿ, ಮರಾಠಿ, ಇಂಗ್ಲಿಷ್ ಎಲ್ಲ ತಕ್ಕಮಟ್ಟಿಗೆ ಬರುತ್ತವೆ. ಓದತೊಡಗಿದ. ಮೊದಲಿನ ನಾಲ್ಕಾರು ಮಂದಿ ಒಳ್ಳೆಯವರೇ. ಕೂಸು ಮುದ್ದಾಗಿದೆ, ದೇವರು ಒಳ್ಳೆಯದು ಮಾಡಲಿ ಎಂದಿದ್ದರು. ಆಮೇಲೆ ಒಬ್ಬ ಕೇಳಿದ್ದ: ಕೂಸು ಹುಟ್ಟಿದ್ದು ಎಲ್ಲಿ? ನಮ್ಮ ಬಸು ಸತ್ಯಹರಿಶ್ಚಂದ್ರ. ಇಂಡಿಯಲ್ಲಿ ಎಂದು ಬರೆದಿದ್ದ.

ಅಲ್ಲಿಂದ ಶುರುವಾಗಿತ್ತು. ಅಲ್ಲೇ ಹುಟ್ಟಿದ್ದರೆ ಅಲ್ಲೇ ಇಟ್ಟುಕೊಳ್ಳಿ. ನೀವು ಘಾಟಿ ಮಂದಿ (ಘಟ್ಟದ ಮೇಲಿನಿಂದ ಹೋದವರಿಗೆ ಅಲ್ಲಿಯ ಬೈಗುಳವಂತೆ) ಬಂದು ಬಂದು ನಮ್ಮ ಊರು ತುಂಬಿತು. ಹೆರುವುದು ಅಲ್ಲಿ, ರೇಷನ್ ಕಾರ್ಡು ಇಲ್ಲಿ.

ಇಲ್ಲಿ ನಾನೊಂದು ಮಾತು ಹೇಳಬೇಕು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು ಎನ್ನುವುದು ನಮ್ಮ ಪದ್ಧತಿ. ಆ ಲೆಕ್ಕದಲ್ಲಿ ನಮ್ಮ ಕಡೆಯ ಪ್ರತಿ ಮನೆಯ ಹಿರೀಮಗನೂ ಹೊರಗಿನವನೇ. ಅಳಿಯಂದಿರು ಹುಟ್ಟಿದ್ದು ಅವರ ತಾಯಿಯ ತವರು ಹೂವಿನ ಹಿಪ್ಪರಗಿಯಲ್ಲಿ. ನಮ್ಮ ಮನೆಯವರು ಹುಟ್ಟಿದ್ದು ಸಿಂದಗಿಯಲ್ಲಿ. ನಾನು ಕನ್ನೊಳ್ಳಿಯವಳು, ಮದುವೆಯಾಗಿ ಇಂಡಿಗೆ ಬಂದವಳು. ಬಂದು ಇಪ್ಪತ್ತೆಂಟು ವರ್ಷವಾದರೂ ನಮ್ಮ ಅತ್ತೆ ಸಾಯುವ ತನಕ ನನ್ನನ್ನು 'ಕನ್ನೊಳ್ಳಿಯಾಕಿ' ಎಂದೇ ಕರೆದರು. ಹುಟ್ಟಿದ ಊರಿಗೇ ವಾಪಸ್ ಹೋಗಬೇಕು ಎಂದರೆ ದೇಶದ ಹೆಂಗಸರೆಲ್ಲ ಇವತ್ತೇ ಬಸ್ಸು ಹತ್ತಬೇಕಾಗುತ್ತದೆ. ಅಡಿಗೆ ಯಾರು ಮಾಡುತ್ತಾರೆ?

ಮೆಹಬೂಬ ನಕ್ಕ. "ನಮಗೂ ಒಬ್ಬೊಬ್ರು ಕೇಳ್ತಾರ್ರಿ ಅಕ್ಕಾರ, ನೀವು ಎಲ್ಲಿಂದ ಬಂದೀರಿ ಅಂತ. ಬಸ್ ಸ್ಟ್ಯಾಂಡ್ ಹಿಂದಿಂದ ಅಂತ ಹೇಳ್ತೇನಿ." (ಅವನ ಮುತ್ತಜ್ಜನ ಕಾಲದಿಂದ ಅವರ ಮನೆ ಅಲ್ಲೇ ಇದೆ.)

ನಾಲ್ಕನೆಯ ಹಾಳೆಗೆ ಬಂದಾಗ ಮೆಹಬೂಬ ನಿಂತ. ಕನ್ನಡಕ ತೆಗೆದು ಒರೆಸಿದ.

"ಯಾಕ, ಕಣ್ಣ ಕಾಣವಲ್ವು?"

"ಕಾಣ್ತಾವರಿ. ಇದನ್ನ ನಿಮ್ಮ ಮುಂದ ಬಾಯಿಲೆ ಅನ್ನಾಕ ಆಗವಲ್ದು."

"ಬರದಾಂವಗ ಆತಲ್ಲ?"

"ಬರದಾಂವ ನಿಮ್ಮ ಮಾರಿ ನೋಡಿಲ್ಲಲ್ರಿ."

ಅದನ್ನು ಬಿಟ್ಟು ಮುಂದೆ ಓದು ಎಂದೆ. ಮುಂದಿನದನ್ನೂ ಅವನು ಬಿಟ್ಟ. ಅದರ ಮುಂದಿನದನ್ನೂ ಬಿಟ್ಟು ಬಸುನ ಕಡೆ ನೋಡಿದ. ಬಸು ಫ್ಯಾನು ನೋಡತೊಡಗಿದ. ನನಗೆ ತಿಳಿಯಿತು. ಅವು ನಮ್ಮ ಮನೆಯ ರತ್ನ ಬರೆದವು.

"ಬಸು, ನಿಂದ ನೀ ಓದು."

"ಬ್ಯಾಡ ಬಿಡ ಯವ್ವಾ."

"ಬರಿಯಾಕ ಬರ್ತೈತಿ, ಓದಾಕ ಬರೂದಿಲ್ಲೇನು?"

"ಅವ್ರು ಕೂಸಿಗಿ ಅಂದ್ರು. ನಾ ಸುಮ್ನಿರ್ಲೇನು?"

"ನೀ ಯಾರಿಗಿ ಅಂದಿ?"

ಮೆಹಬೂಬ ಮೆಲ್ಲಗೆ ಹೇಳಿದ: "ಅವ್ರ ತಾಯಿಗಿ, ಅಕ್ಕಗ ಅಂದಾನ್ರಿ." ಕಾಣದ ಊರಿನ, ಕಾಣದ ಹೆಂಗಸರಿಗೆ. ಪಕ್ಕದ ಕಂಪ್ಯೂಟರಿನಲ್ಲಿ ಕುಂತಿದ್ದ ಇಬ್ಬರು ಕಾಲೇಜು ಹುಡುಗಿಯರು ತಲೆ ಬಗ್ಗಿಸಿಕೊಂಡು ನಕ್ಕರು. ನನ್ನ ಮಗನ ಕಿವಿ ಕೆಂಪಾದವು. ನಾಲ್ಕು ಮಂದಿ ನಿಜವಾದ ಮನುಷ್ಯರ ಮುಂದೆ ತನ್ನದೇ ಮಾತನ್ನು ಓದಲು ಆಗದವನು, ಅದನ್ನು ಇಡೀ ಜಗತ್ತಿನ ಮುಂದೆ ಹೇಗೆ ಹರವಿಟ್ಟ?

ಮೆಹಬೂಬನ ಪ್ರಕಾರ ಅದಕ್ಕೆ ಕಾರಣವಿದೆ. "ಇವ್ರು ಒಬ್ಬರಿಗೊಬ್ರು ಬರ್ಯಾಕತ್ತಿಲ್ರಿ ಅಕ್ಕಾರ. ನಿಂತು ನೋಡವ್ರಿಗಿ ಬರ್ಯಾಕತ್ತಾರ. ಖಾರ ಹೆಚ್ಚ ಹಾಕಿದಾಂವಗ ಶಾಬಾಸ್ಕಿ." ದಿನವಿಡೀ ಇದನ್ನೇ ನೋಡುವವನು, ಅವನಿಗೆ ಗೊತ್ತಿರುತ್ತದೆ.

ಆರನೆಯ ಹಾಳೆಯಲ್ಲಿ ಒಂದು ಕಾಗದ ಸಿಕ್ಕಿತು. ಕಾಗದ ಎಂದೇ ಅನ್ನುತ್ತೇನೆ, ಏಕೆಂದರೆ ಅದರಲ್ಲಿ ಬೈಗುಳ ಇರಲಿಲ್ಲ. ಬರೆದವರು ಒಬ್ಬ ಹೆಂಗಸು. ಅವರ ಮಾತು ಇಷ್ಟು: ನಮ್ಮ ಮನೆಯ ಹಿಂದೆ ಎರಡು ವರ್ಷದಲ್ಲಿ ಬಾಡಿಗೆಯ ಆರು ಖೋಲಿ ಎದ್ದಿವೆ, ಘಟ್ಟದ ಮೇಲಿನಿಂದ ಬಂದವರು ಅಲ್ಲಿದ್ದಾರೆ, ನಮ್ಮ ಬಾವಿ ತಳ ಕಂಡಿದೆ, ಟ್ಯಾಂಕರಿಗೆ ಕಾಯುತ್ತ ನಿಲ್ಲುವಾಗ ನನಗೂ ಸಿಟ್ಟು ಬರುತ್ತದೆ. ಅಷ್ಟೇ.

"ಇದಕ್ಕ ಯಾರ ಏನ ಅಂದ್ರು?" ಎಂದೆ.

ಮೆಹಬೂಬ ಮೇಲೆ ಕೆಳಗೆ ಹುಡುಕಿದ. "ಯಾರೂ ಏನೂ ಅಂದಿಲ್ರಿ."

ನೋಡಿ. ಏಳು ಹಾಳೆ ತುಂಬ ಮಾತಾಡಿದವರಲ್ಲಿ ನಿಜವಾದ ತೊಂದರೆ ಹೇಳಿಕೊಂಡವಳು ಒಬ್ಬಳು. ಅವಳಿಗೆ ಮಾತ್ರ ಉತ್ತರವಿಲ್ಲ. ಬೈಯಲು ಅದರಲ್ಲಿ ಏನೂ ಇರಲಿಲ್ಲವಲ್ಲ.

ಆ ಹೆಂಗಸಿನ ಸಿಟ್ಟು ನನಗೆ ಗೊತ್ತು. ಹೋದ ಬೇಸಿಗೆಯಲ್ಲಿ ನಮ್ಮ ಓಣಿಗೆ ಬೋರ್‌ವೆಲ್ ಕೆಲಸದವರ ನಾಲ್ಕು ಸಂಸಾರ ಬಂದವು. ಎಲ್ಲಿಯವರೋ, ತೆಲುಗು ಮಾತು. ನಳದ ಮುಂದಿನ ಪಾಳಿ ದುಪ್ಪಟ್ಟಾಯಿತು. ಇವರು ಯಾಕಾದರೂ ಬಂದರೋ ಎಂದು ನಾನೂ ಅಂದೆ, ಜೋರಾಗಿಯೇ ಅಂದೆ. ಪಾಳಿಯಲ್ಲಿ ನನ್ನ ಮುಂದೆಯೇ ಅವರಲ್ಲೊಬ್ಬಳು ಬಸುರಿ ನಿಂತಿದ್ದಳು. ಅವಳಿಗೆ ಮಾತು ತಿಳಿಯಲಿಲ್ಲ, ಧಾಟಿ ತಿಳಿಯಿತು. ತನ್ನ ಕೊಡ ಹಿಂದಕ್ಕೆ ತೆಗೆದುಕೊಂಡು ನನ್ನದನ್ನು ಮುಂದೆ ಸರಿಸಿದಳು. ಆಮೇಲೆ ಏನು ಬೈಯಬೇಕು? ನಾಳೆ ಮತ್ತೆ ಅವಳ ಪಕ್ಕದಲ್ಲೇ ನಿಲ್ಲಬೇಕು. ನನ್ನ ಸಿಟ್ಟು ಹೋಗಲಿಲ್ಲ, ಸುಳ್ಳು ಹೇಳಬಾರದು. ಆದರೆ ಅದು ಅಲ್ಲಿಗೇ ನಿಂತಿತು. ನೆಟ್ಟಿನಲ್ಲಿ ನಳವಿಲ್ಲ, ಪಾಳಿಯಿಲ್ಲ, ನಾಳೆ ಎನ್ನುವುದೂ ಇಲ್ಲ. ಸಿಟ್ಟು ಎಲ್ಲಿ ನಿಲ್ಲಬೇಕು?

ಮೆಹಬೂಬನಿಗೆ ಹೇಳಿದೆ: "ಆ ಹೆಣ್ಣಮಗಳಿಗಿ ನನ್ನ ಹೆಸರಿಲೆ ಬರಿ. ನಾ ಕೂಸಿನ ಅಜ್ಜಿ. ನಿಮ್ಮಲ್ಲಿ ಎಷ್ಟ ದಿನಕ್ಕ ನೀರ ಬರ್ತಾವು? ನಮ್ಮಲ್ಲಿ ಎಂಟ ದಿನಕ್ಕೊಮ್ಮಿ ಬರ್ತಾವು."

"ಇಷ್ಟ ಏನ್ರಿ? ಬೈದವ್ರಿಗಿ ಏನೂ ಬರ್ಯಾಂಗಿಲ್ಲ?"

"ಅವ್ರಿಗಿ ಬಸು ಬರದಾನಲ್ಲ, ಸಾಕು."

ಮರುದಿನ ಸಂಜೆ ಮೆಹಬೂಬ ತಾನೇ ಮನೆಗೆ ಬಂದು ಹೇಳಿದ. ಉತ್ತರ ಬಂದಿತ್ತು. ಮೂರು ದಿನಕ್ಕೊಮ್ಮೆ ಬರುತ್ತದೆ, ಶನಿವಾರ ಟ್ಯಾಂಕರ್. ಎಂಟು ದಿನಕ್ಕೊಮ್ಮೆ ಆದರೆ ಕೂಸಿನ ಬಟ್ಟೆ ಹೇಗೆ ಒಗೆಯುತ್ತೀರಿ ಎಂದು ಕೇಳಿದ್ದಳು. ನಾನು ಹೇಳಿಕಳಿಸಿದೆ, ಅವಳು ಮತ್ತೆ ಬರೆದಳು. ಹಂಡೆ, ಬಕೆಟ್ಟು, ಸಿಂಟೆಕ್ಸ್, ಅರಿವೆ. ನಾಲ್ಕು ದಿನ ನಡೆಯಿತು. ನಮ್ಮಿಬ್ಬರ ನಡುವೆ ಬೇರೆ ಯಾರೂ ಬಾಯಿ ಹಾಕಲಿಲ್ಲ. ಬೈಯುವವರು ಬೇರೆ ಪೇಜಿಗೆ ಹೋಗಿದ್ದರು. (ಸುಧಾರಿಸಿದರು ಎಂದುಕೊಳ್ಳಬೇಡಿ. ಅಲ್ಲಿ ಹೋಗಿ ಬೈಯುತ್ತಿದ್ದರಂತೆ.)

ಇದನ್ನೆಲ್ಲ ಸುನಂದಾಳಿಗೆ ಹೇಳಿದೆ. ಕೇಳಿದಳು, ಅಷ್ಟೇ. ಹೋಗುತ್ತೇನೆ ಎನ್ನಲಿಲ್ಲ.

ಶನಿವಾರ ಅಳಿಯಂದಿರು ಬಂದರು. ಸಂಜೆಗೆ ಹೋಳಿಗೆ, ಎಣ್ಣೆಗಾಯಿ, ರೊಟ್ಟಿ ಮಾಡಿದೆ. ಬಾಣಂತಿಯ ಊಟ ಕೋಣೆಯಲ್ಲೇ ಆಗಬೇಕು. ಆದರೆ ಅವತ್ತು ಅವಳು ಕೂಸನ್ನು ಅಜ್ಜನ ತೊಡೆಯ ಮೇಲೆ ಹಾಕಿ, ನಮ್ಮ ಪಂಕ್ತಿಯಲ್ಲೇ ತನ್ನ ಬಿಸಿ ಅನ್ನದ ತಾಟು ಇಟ್ಟುಕೊಂಡು ಗಂಡನ ಎದುರಿಗೆ ಕುಂತಳು.

"ಅಲ್ಲಿ ಮಂದಿ ನಮಗ ಹಂಗ ಅಂತಾರೇನ್ರಿ?"

ಅಳಿಯಂದಿರು ರೊಟ್ಟಿ ಮುರಿಯುತ್ತ ಹೇಳಿದರು: "ಅಂತಾರ. ನಮ್ಮ ಓಣ್ಯಾಗ ಮೂರ ಮಂದಿ ಅಂತಾರ. ಯಾರಂತ ಗೊತ್ತೈತಿ. ಇಬ್ಬರ ಮನಿ ಫರ್ಸಿ ನಾನ ಹಾಕೇನಿ."

"ಮತ್ತ ಆ ಹಾಳ್ಯಾಗ ಇದ್ದವ್ರು?"

"ಅವ್ರು ಯಾರಂತ ಗೊತ್ತಿಲ್ಲ. ಗೊತ್ತಿಲ್ಲದವ್ರಿಗಿ ಅಂಜಿ ಏನ ಮಾಡೂದು?"

"ಗೊತ್ತಿಲ್ಲದವ್ರಿಗೇ ಅಂಜಿಕಿ ಬರ್ತೈತ್ರಿ. ಗೊತ್ತಿದ್ದವ್ರಿಗಿ ಯಾಕ ಬರ್ತೈತಿ?"

ಅಳಿಯಂದಿರು ಕೈಯಲ್ಲಿದ್ದ ರೊಟ್ಟಿ ತಾಟಿನಲ್ಲಿಟ್ಟು, ಹೌದು ಎಂದು ತಲೆಯಾಡಿಸಿದರು. ವಾದಕ್ಕೆ ಇಳಿಯಲಿಲ್ಲವೆಂದೇ ನನಗೆ ಅವರ ಮೇಲೆ ಅಭಿಮಾನ ಹೆಚ್ಚಿತು. ಸುನಂದಾಳೇ ಮುಂದೆ ಅಂದಳು: "ಮೂರ ತಿಂಗಳಿಗಿ ಬರ್ತೇನಿ. ನೀರಿನ ಸಿಂಟೆಕ್ಸ್ ಮೊದ್ಲ ಕೂಡಸ್ರಿ. ಆ ನೀರಿನ ಸುದ್ದಿ ಬರದ ಹೆಣ್ಣಮಗಳ ಮನಿ ಎಲ್ಲೈತಿ ಹುಡಕ್ರಿ. ಅಲ್ಲಿ ಒಬ್ಬಾಕಿಯಾದ್ರೂ ಗೊತ್ತಿರಬೇಕು."

"ಆತು," ಎಂದರು ಅಳಿಯಂದಿರು.

ಹೆದರಿಕೆ ಅವಳ ಮುಖದಿಂದ ಪೂರ್ತಿ ಹೋಗಿರಲಿಲ್ಲ. ಆದರೂ ಒಂದು ಹೋಳಿಗೆ ಕೇಳಿದಳು, ತುಪ್ಪ ಹೆಚ್ಚು ಹಾಕಿ ಬಡಿಸಿದೆ.

ಆಮೇಲೆ ಬಸು ಮತ್ತು ಅಳಿಯಂದಿರ ನಡುವೆ ಜಗಳ ಹತ್ತಿತು. ಗೋವಾದ ಕುಚಲಕ್ಕಿ ಅನ್ನದ ಮುಂದೆ ನಿಮ್ಮ ರೊಟ್ಟಿ ಏನೂ ಅಲ್ಲ ಎಂದು ಅವರು, ನಿಮ್ಮ ಅಕ್ಕಿ ದನ ತಿನ್ನಬೇಕು ಎಂದು ಇವನು. ಕೂಸು ಎದ್ದು ಅಳುವಷ್ಟು ದನಿ ಏರಿತು. ಕೂಗಾಡುತ್ತಲೇ ಬಸು ಅವರ ತಾಟಿಗೆ ಎರಡು ರೊಟ್ಟಿ ಹಾಕಿದ, ಕೂಗಾಡುತ್ತಲೇ ಅವರು ಉಂಡರು, ಊಟ ಮುಗಿದ ಮೇಲೆ ಒಬ್ಬರ ಕೈಗೆ ಒಬ್ಬರು ತಂಬಿಗೆಯಿಂದ ನೀರು ಹಾಕಿಕೊಂಡರು.

ನೆಟ್ಟಿನಲ್ಲಿ ಆ ತಂಬಿಗೆಯನ್ನು ಎಲ್ಲಿಡಬೇಕು, ಬಲ್ಲವರು ಹೇಳುತ್ತೀರಾ?