ಮೊದಲು ಚಹಾ, ಆಮ್ಯಾಲ ಕೆಪಾಸಿಟರ್

ಇಚಲಕರಂಜಿಯ ಒಂದು ಮಗ್ಗದ ಶೆಡ್ಡಿಗೆ ಹಳೇ ಕೆಪಾಸಿಟರ್ ಬದಲಿ ಮಾಡಾಕ ಹೋಗಿದ್ದೆ. ಮೇನ್ ಸ್ವಿಚ್ ಬಂದ್ ಮಾಡಿ ಪೆಟ್ಟಿಗೆಗೆ ಕೈ ಹಾಕೂದರಾಗ ಮಾಲಕಿ ಅಡ್ಡ ಬಂದ್ರು.

"ಮೊದಲು ಚಹಾ ಕುಡೀರಿ."

"ಕರೆಂಟ್ ತೆಗದೇನ್ರಿ ಅಕ್ಕಾರ. ನನಗ ಗಡಬಡಿ ಐತಿ."

"ಕರೆಂಟ್ ಹೋದ್ರೂ ಈ ಕೆಪಾಸಿಟರಿನ ಹೊಟ್ಯಾಗ ಉಳದಿರತೈತ್ರಿ. ನಮ್ಮ ಮಾವನವ್ರು ಹಿಂಗ ಗಡಬಡಿ ಮಾಡಿ ಕೈ ಸುಟ್ಟಕೊಂಡ್ರು. ಚಹಾ ಆಗೂದರಾಗ ಅದು ತಾನಾ ಇಳೀತೈತಿ."

ನನಗ ಸಿಟ್ಟು ಬಂತು. ಏನೂ ಉಳದಿಲ್ಲಂತ ತೋರಸಾಕ ಟೆಸ್ಟ್ ಬಲ್ಬಿನ ವೈರು ಕೆಪಾಸಿಟರಿಗೆ ತಾಗಿಸಿದೆ. ಬಲ್ಬು ಭಗ್ ಅಂತ ಹೊತ್ತಿ ಆರಿತು.

ಅಕ್ಕಾರು ಅಡ್ಡ ಬರದಿದ್ರ ಅಲ್ಲಿ ನನ್ನ ಬೆರಳು ಇರತಿದ್ವು. ಅವರು ಕಪ್ಪು-ಬಶಿ ತಂದು ಕೈಯಾಗ ಇಟ್ರು. ಅವರ ಪುಣ್ಯಾ, ಹಿಡ್ಯಾಕ ಕೈ ಇದ್ವು.

ಈಗ ಎಲ್ಲಿ ಹೋದ್ರೂ ಸ್ವಿಚ್ ತೆಗದ ಕೂಡಲೆ ನಾನಾ ಚಹಾ ಕೇಳತೇನಿ. ಗಡಹಿಂಗ್ಲಜತನಾ ಹೆಸರಾಗೇತಿ: ಮೆಕ್ಯಾನಿಕ್ ಛಲೋ ಅದಾನ, ಖರೆ ಚಹಾದ ಚಟ ಭಾಳ.